ಜುಲೇಖಾಬಾಯಿ ಹತ್ತನ್ನು ಏಳಕ್ಕೆ ಇಳಿಸಿದ್ದು

ಜುಲೇಖಾಬಾಯಿ ನಮ್ಮ ಸಂಘದ ಟಿಕೋಟಾ ಶಾಖೆಯಲ್ಲಿ ಗುಮಾಸ್ತೆ. ಸಂಘವೆಂದರೆ ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘ. ರೈತರು ತಂದ ಒಣದ್ರಾಕ್ಷಿಯನ್ನು ತೂಗಿ, ರಸೀದಿ ಕೊಟ್ಟು, ಕೋಲ್ಡ್ ಸ್ಟೋರೇಜಿಗೆ ಸಾಗಿಸುವುದು ನಮ್ಮ ಕೆಲಸ. ಮುಖ್ಯ ಕಚೇರಿ ವಿಜಯಪುರದಲ್ಲಿ. ಶಾಖೆಗಳು ಟಿಕೋಟಾ, ಬಬಲೇಶ್ವರ, ಸಾರವಾಡದಲ್ಲಿ. ನಾನು ಮುಖ್ಯ ಕಚೇರಿಯ ಲೆಕ್ಕಿಗ. ವಾರಪತ್ರಿಕೆಯೊಂದರಲ್ಲಿ ನಗೆಬರಹ ಬರೆಯುತ್ತೇನೆಂಬುದು ಸಂಘದಲ್ಲಿ ಎಲ್ಲರಿಗೂ ಗೊತ್ತು. ನಕ್ಕವರು ಯಾರೆಂಬುದು ನನಗಿನ್ನೂ ಗೊತ್ತಾಗಿಲ್ಲ.

ಜುಲೇಖಾಬಾಯಿಯ ಬದುಕಿನ ಕತೆ ಹೇಳಬೇಕೆಂದರೆ ಬಸ್ಸುಗಳ ಕತೆಯನ್ನೇ ಹೇಳಬೇಕು. ಹುಟ್ಟಿದ್ದು ಟಿಕೋಟಾ, ಕೊಟ್ಟಿದ್ದೂ ಟಿಕೋಟಾಕ್ಕೇ. ಗಂಡನ ಸೈಕಲ್ ರಿಪೇರಿ ಅಂಗಡಿ ಮನೆಯ ಮುಂದೆಯೇ ಇತ್ತು. ಈಗ ಆತನೂ ಇಲ್ಲ, ಸೈಕಲ್ಲುಗಳೂ ಇಲ್ಲ. ಮಗಳು ಶಮಾಳನ್ನು ಹೊನವಾಡಕ್ಕೆ ಕೊಟ್ಟಾಗಿದೆ. ಟೈಪಿಂಗ್ ಕಲಿತು ಸಂಘಕ್ಕೆ ಸೇರಿದಾಗ ಬಾಯಿಯನ್ನು ವಿಜಯಪುರದ ಮುಖ್ಯ ಕಚೇರಿಗೆ ಹಾಕಿದರು. ಬೆಳಿಗ್ಗೆ ಅತ್ತ, ಸಂಜೆ ಇತ್ತ. ಆಮೇಲೆ ಬಬಲೇಶ್ವರಕ್ಕೆ ಹಾಕಿದರು. ಅಲ್ಲಿಗೆ ಹೊತ್ತಿಗೆ ಸರಿಯಾಗಿ ನೇರ ಬಸ್ಸಿಲ್ಲದ್ದರಿಂದ ವಿಜಯಪುರಕ್ಕೆ ಬಂದು ಬೇರೆ ಬಸ್ಸು ಹಿಡಿಯಬೇಕು. ಅಲ್ಲಿಂದ ಸಾರವಾಡ. ಒಟ್ಟಿನಲ್ಲಿ ಸಂಘವು ಬಾಯಿಯನ್ನು ಎಲ್ಲಿ ಕೂರಿಸಿದರೂ ಅವರ ಊರಲ್ಲಿ ಮಾತ್ರ ಕೂರಿಸಲಿಲ್ಲ. ಆಯುಷ್ಯದ ಒಳ್ಳೆಯ ಭಾಗವೆಲ್ಲ ಕಿಟಕಿಯ ಕಂಬಿ ಹಿಡಿದು ತೂಕಡಿಸುತ್ತ ಹೋಯಿತು. ಮೊಣಕಾಲು ಎರಡೂ ಬಸ್ಸಿನ ಮೆಟ್ಟಿಲಿಗೇ ಸವೆದವೆಂದು ಅವರೇ ಹೇಳುತ್ತಾರೆ.

ಕೊನೆಗೆ, ಟಿಕೋಟಾ ಶಾಖೆಯವರು ನಿವೃತ್ತರಾದಾಗ, ಬೇರೆ ಯಾರೂ ಆ ಜಾಗ ಕೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಅದು ಇವರಿಗೆ ಸಿಕ್ಕಿತು. ಮನೆಯಿಂದ ಕಚೇರಿಗೆ ನಡೆದು ಬರುವುದು, ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ ತಿಂದು ಬರುವುದು. "ಸರ, ರೊಟ್ಟಿ ಬಿಸಿ ಇದ್ರ ಹಿಂಗಿರತೈತಿ ಅನ್ನೂದ ಮರತಿದ್ದೆ ನೋಡ್ರಿ" ಎಂದು ನನ್ನ ಮುಂದೆ ಒಮ್ಮೆ ಹೇಳಿದ್ದರು. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ನಿವೃತ್ತಿಯವರೆಗೆ ಇನ್ನು ಬಸ್ಸು ಹತ್ತದೆ ಇರುವುದು. ಬಡ್ತಿಯೂ ಬೇಡ, ಸನ್ಮಾನದ ಶಾಲೂ ಬೇಡ.

ಇಷ್ಟರಲ್ಲಿ ಟಿಕೋಟಾ ಶಾಖೆಯ ಕಂಪ್ಯೂಟರ್ ತೀರಿಕೊಂಡಿತು.

೨೦೧೮ರ ಜನವರಿಯ ಮಾತು. ಕಂಪ್ಯೂಟರಿನ ಒಳಗೆ ಇರುವ ವಿಂಡೋಸ್‌ಗೆ ನಂಬರುಗಳಿರುತ್ತವಲ್ಲ, ನಮ್ಮ ಹಳೆಯವೆಲ್ಲ ಏಳು. ನಮ್ಮ ತೂಕದ ಪ್ರೋಗ್ರಾಮನ್ನು ಬರೆದವನು ಸೊಲ್ಲಾಪುರದ ಒಬ್ಬ ಪುಣ್ಯಾತ್ಮ. ಕಾಟಾದ ಮೇಲೆ ಬಾಕ್ಸ್ ಇಟ್ಟರೆ ತೂಕ ತಾನೇ ಕಂಪ್ಯೂಟರಿಗೆ ಬಂದು, ರಸೀದಿ ತಾನೇ ಹೊರಬೀಳುವಂತೆ ಮಾಡಿಕೊಟ್ಟು, ಆಮೇಲೆ ತೀರಿಹೋಗಿದ್ದ. ಅವನು ಬರೆದದ್ದು ಏಳರಲ್ಲಿ ಮಾತ್ರ ಓಡುತ್ತದೆ. ಅಧ್ಯಕ್ಷರು ಗಾಂಧಿಚೌಕದ ಹತ್ತಿರ ಉಮರನ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಹೊಸ ಕಂಪ್ಯೂಟರನ್ನು ಚೌಕಾಸಿ ಮಾಡಿ ತಂದರು. ಅದರೊಳಗಿದ್ದದ್ದು ಹತ್ತು. ಕಾಟಾದ ವೈರು ಚುಚ್ಚಿದರೆ ಹತ್ತು ಅದನ್ನು ಗುರುತೇ ಹಿಡಿಯಲಿಲ್ಲ, ಬೀಗರ ಮನೆಯಲ್ಲಿ ಬಡ ನೆಂಟನನ್ನು ನೋಡಿದಂತೆ ನೋಡಿತು.

ಅಧ್ಯಕ್ಷರು ಸಭೆಯಲ್ಲಿ ಅಂದರು: "ಫೆಬ್ರುವರಿಯೊಳಗ ಟಿಕೋಟಾದಾಗ ರಸೀದಿ ಬರಬೇಕು. ಬರಲಿಲ್ಲಾ, ಆ ಕಾಟಾ ಎತ್ತಿ ಬಿಜಾಪುರಕ್ಕ ತರೂದು. ಜುಲೇಖಾಬಾಯಾರೂ ಇಲ್ಲೇ ಬರ್ಲಿ. ಅವ್ರಿಗೇನು, ಬಸ್ಸು ರೂಢಿ ಐತಿ."

ಸಭೆಯ ನಡಾವಳಿಯಲ್ಲಿ ಈ ಕೊನೆಯ ಮಾತು ಇಲ್ಲ. ಬರೆದವನು ನಾನೇ. ಆದರೆ ಟಿಕೋಟಾಕ್ಕೆ ಫೋನ್ ಮಾಡಿ ಸುದ್ದಿ ಹೇಳಬೇಕಾದವನೂ ನಾನೇ. ಜುಲೇಖಾಬಾಯಿ ಎಲ್ಲ ಕೇಳಿಸಿಕೊಂಡು, "ಹತ್ತು ತಗದು ಏಳು ಹಾಕಾಕ ಬರೂದಿಲ್ಲೇನ್ರಿ ಸರ?" ಎಂದರು.

ಮರುದಿನವೇ ಅವರು ವಿಜಯಪುರಕ್ಕೆ ಬಂದರು. ಬಸ್ಸಿನಲ್ಲೇ. ಇಬ್ಬರೂ ಉಮರನ ಅಂಗಡಿಗೆ ಹೋದೆವು. ಉಮರ ಯಾವುದೋ ಬಿಚ್ಚಿದ ಯಂತ್ರದೊಳಗೆ ಮುಖ ಇಟ್ಟುಕೊಂಡೇ ಮಾತಾಡಿದ.

"ಪೆನ್ ಡ್ರೈವಿನಾಗ ಐತ್ರಿ ಏಳು. ಒಂದ ತಾಸಿನಾಗ ಹಾಕ್ಕೊಡತೇನಿ."

"ಕಳವಿಂದ?" ಎಂದೆ.

"ಕಳವು ಅಂತ ಯಾಕಂತೀರಿ ಸರ. ಎಲ್ಲಾರೂ ಹಾಕ್ಕೋತಾರು."

ನಾವೂ ಹಾಕಿಕೊಂಡಿದ್ದೆವು. ಹಿಂದಿನ ಸೀಜನ್ನಿನಲ್ಲಿ ಬಬಲೇಶ್ವರ ಶಾಖೆಗೆ ಅಂಥದ್ದೇ ಒಂದನ್ನು ಯಾರೋ ಹಾಕಿಕೊಟ್ಟಿದ್ದರು. ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತ ದಿನವೇ ಪರದೆ ಕಪ್ಪಾಗಿ, ಒಳಗಿನ ರಸೀದಿಗಳೆಲ್ಲ ಮಣ್ಣುಪಾಲಾದವು. ಅಲ್ಲಿಯ ರೈತರು ಆಗ ನಮ್ಮ ಬಗ್ಗೆ ಆಡಿದ ಮಾತುಗಳಲ್ಲಿ ಅರ್ಧ ನನ್ನ ತಾಯಿಯ ಬಗ್ಗೆ ಇದ್ದವು. ಅಂದಿನಿಂದ ಆಡಳಿತ ಮಂಡಳಿ ಕಳವಿನ ಮಾಲು ಬೇಡವೆಂದು ಠರಾವು ಮಾಡಿದೆ.

"ಹಂಗಾದ್ರ ಕಾಯದೇ ಪ್ರಕಾರ ಇಳಿಸಬೇಕ್ರಿ" ಎಂದ ಉಮರ, ಈಗ ಮುಖ ಹೊರತೆಗೆದು. "ನಿಮ್ಮ ನಸೀಬು ಚಲೋ ಐತಿ. ಈ ಮಶೀನಿನಾಗ ಇರೂದು ಹತ್ತು ಪ್ರೊಫೆಶನಲ್. ಅದನ್ನ ತಗೊಂಡವ್ರಿಗಿ ಏಳು ಪ್ರೊಫೆಶನಲ್ ವಾಪರಸೂ ಹಕ್ಕು ಕಂಪನೀನ ಕೊಟ್ಟೈತಿ. ಹೋಮ್ ಅಂತ ಇನ್ನೊಂದಿರತೈತಲ್ಲ, ಅದಿದ್ರ ಮುಗೀತು. ಅದಕ್ಕ ಇಳಿಯೂ ಹಕ್ಕಿಲ್ಲ."

ನಾನು ಕಂಪನಿಯ ಕರಾರು ಓದಿದೆ. ಇಂಗ್ಲಿಷ್ ಓದಿ ಅರ್ಥ ಹೇಳುವುದು ಸಂಘದಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಒಂದು ವಾಕ್ಯ ಶುರುವಾದರೆ ಅದರ ಕ್ರಿಯಾಪದ ಸಿಗುವಷ್ಟರಲ್ಲಿ ಕರ್ತೃ ಯಾರೆಂದು ಮರೆತಿರುತ್ತಿತ್ತು. ಎರಡು ಸಲ ಓದಿ, ಒಂದು ಸಲ ನಿದ್ದೆ ಮಾಡಿ, ತಿಳಿದಷ್ಟನ್ನು ಹೇಳಿದೆ: ಹತ್ತರ ಪರವಾನಗಿ ಹಾಗೇ ಇರುತ್ತದೆ, ಅದರ ಬದಲಿಗೆ ಏಳನ್ನು ಬಳಸಬಹುದು, ಎರಡನ್ನೂ ಒಮ್ಮೆಗೇ ಬಳಸುವಂತಿಲ್ಲ, ಬೇಕೆಂದಾಗ ಮತ್ತೆ ಹತ್ತಕ್ಕೆ ಏರಬಹುದು.

ಜುಲೇಖಾಬಾಯಿ ಸ್ವಲ್ಪ ಯೋಚಿಸಿ ಅಂದರು: "ಎಕ್ಸ್‌ಪ್ರೆಸ್ ಟಿಕೀಟ ತಗಸಿದಾಂವ ಆರ್ಡಿನರಿ ಬಸ್ಸಿನಾಗ ಹೋಗಬಹುದು ಅಂದಂಗಾತು."

"ಅಷ್ಟ ನೋಡ್ರಿ."

"ಮತ್ತ ಇದನ್ನ ಹೇಳಾಕ ಇಷ್ಟ ಹಾಳಿ ಯಾಕ ಬೇಕಾತ್ರಿ ಅವ್ರಿಗಿ?"

ಕಷ್ಟ ಬಂದದ್ದು ಮುಂದಿನ ಮಾತಿಗೆ. ಇಳಿಯುವ ಹಕ್ಕನ್ನು ಕೊಟ್ಟ ಕಂಪನಿ ಇಳಿಯಲು ಏಣಿ ಕೊಡುವುದಿಲ್ಲ. ಏಳರ ಅಸಲಿ ಸಿ.ಡಿ. ಉಮರನ ಬಳಿ ಇತ್ತು. ಅದಕ್ಕೆ ಕೀಲಿ ಬೇಕು. ಕೀಲಿಯೆಂದರೆ ಇಪ್ಪತ್ತೈದು ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ಹಿಂದೆ ರೊಕ್ಕ ಕೊಟ್ಟು ತಂದ ಯಾವುದಾದರೂ ಏಳು ಪ್ರೊಫೆಶನಲ್‌ನದಾದರೂ ನಡೆಯುತ್ತದೆ. ಅದನ್ನು ಹಾಕಿ, ಕಂಪನಿಗೆ ಫೋನ್ ಮಾಡಿ, ನಮ್ಮ ಸಂಗತಿ ಹೀಗೀಗೆ ಎಂದು ಹೇಳಿದರೆ ಅವರು ಒಪ್ಪುತ್ತಾರೆ. ಹೊಸದಾಗಿ ಕೊಳ್ಳೋಣವೆಂದರೆ ಏಳನ್ನು ಅಂಗಡಿಗಳಲ್ಲಿ ಮಾರುವುದು ನಿಂತು ಕಾಲವಾಗಿತ್ತು.

"ಹಳೇ ಮಶೀನಿನ ಬಗಲಿಗಿ ಹೊಳಿಯೂ ಚೀಟಿ ಇರತೈತ್ರಿ" ಎಂದ ಉಮರ. "ಅದರ ಮ್ಯಾಲ ಬರದಿರತೈತಿ. ನಿಮ್ಮಲ್ಲಿ ಮಸ್ತ್ ಅದಾವಲ್ಲ ಹಳೇವು."

"ಮಶೀನಿನ ಒಳಗಿಂದ ತಗಿಯಾಕ ಬರೂದಿಲ್ಲೇನಪಾ?" ಎಂದು ನಾನು ಜಾಣತನ ತೋರಿಸಿದೆ.

"ಒಳಗಿರೂದು ಕಂಪನಿ ಸಾವಿರಾರು ಮಶೀನಿಗಿ ಕೂಡೇ ಹಾಕಿದ ನಂಬರ್ರಿ. ಅದು ನಡಿಯೂದಿಲ್ಲ. ಚೀಟಿಮ್ಯಾಲಿಂದನ ಬೇಕು."

ಟಿಕೋಟಾಕ್ಕೆ ಹೋದೆವು. ತೀರಿಕೊಂಡ ಕಂಪ್ಯೂಟರ್ ಮೂಲೆಯಲ್ಲಿತ್ತು. ಬಗಲಿಗೆ ಚೀಟಿಯೂ ಇತ್ತು. ಆದರೆ ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಕೆಂಪು ಹಳದಿ ಬಣ್ಣದ ಒಂದು ಮಚ್ಚೆ, ಅದರ ಮೇಲೆ ಮೂರು ಬೆರಳಿನ ಬೂದು ಪಟ್ಟೆ.

ಶಾಖೆಯ ಸಿಪಾಯಿ ರೇವಪ್ಪನನ್ನು ಕರೆದು ಕೇಳಿದೆ. ಅವನಿಗೆ ನಾನು ಏನು ಕೇಳುತ್ತಿದ್ದೇನೆಂದೇ ತಿಳಿಯಲಿಲ್ಲ. ದಸರೆಯಲ್ಲಿ ಖಂಡೆ ಪೂಜೆಗೆ ಕಾಟಾ, ಕಪಾಟು, ಸೈಕಲ್ಲು, ಕಂಪ್ಯೂಟರು ಎಲ್ಲವನ್ನೂ ತೊಳೆದು ವಿಭೂತಿ ಕುಂಕುಮ ಹಚ್ಚುವುದು ಅವನ ಕೆಲಸ. ಪೇಡೆ ತರುವುದು ಜುಲೇಖಾಬಾಯಿಯ ಪಾಲು.

"ಹಚ್ಚಬ್ಯಾಡ ಅನ್ನೂದಿಲ್ಲೋ ಮಾರಾಯಾ, ಇಷ್ಟ ದೊಡ್ಡ ಡಬ್ಬಿ ಐತಿ, ಆ ಚೀಟಿ ಮ್ಯಾಲ ಯಾಕ ಹಚ್ಚಿದಿ?"

"ಮತ್ತೆಲ್ಲಿ ಹಚ್ಚಲಿರಿ ಸಾಹೇಬ್ರ?" ರೇವಪ್ಪನಿಗೆ ಬೇಸರವಾಗಿತ್ತು. "ಮೈಯೆಲ್ಲಾ ಕರ್ರಗ ಐತಿ. ಹೊಳಿಯೂ ಜಾಗಾ ಅದೊಂದ. ಹಣಿ ಅದ ಇರಬೇಕು ಅಂತ ತಿಳಕೊಂಡೆ."

"ಮತ್ತ ವರಸೂದು?"

"ಹಬ್ಬದ ಮರುದಿನಾ ನಾರು ಹಚ್ಚಿ ತಿಕ್ಕತೇನ್ರಿ. ಇಲ್ಲಂದ್ರ ಇರಿವಿ ಹತ್ತತಾವು."

ಅವನ ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮುಖ್ಯ ಕಚೇರಿಗೆ ವಾಪಸು ಬಂದು ನೋಡಿದೆ. ಅಲ್ಲಿರುವವರೆಲ್ಲ ಓದಿದವರು, ಪದವಿ ಪಡೆದವರು. ನಾನು ದಿನವೂ ಕೂರುವ ಕಂಪ್ಯೂಟರಿನ ಹಣೆಯೂ ಅಷ್ಟೇ ಭಕ್ತಿಯಿಂದ ಸವೆದು ಬಿಳಿಯಾಗಿತ್ತು. ಇಷ್ಟು ವರ್ಷ ಅದರ ಪಕ್ಕದಲ್ಲೇ ಮೊಣಕೈ ಊರಿಕೊಂಡು ಕೂತವನು ನಾನು ಅದನ್ನು ನೋಡಿಯೇ ಇರಲಿಲ್ಲ. ಹಣೆಯೆಲ್ಲಿದೆ ಎಂಬ ವಿಷಯದಲ್ಲಿ ಇಡೀ ಸಂಘಕ್ಕೆ ಒಂದೇ ಅಭಿಪ್ರಾಯವಿತ್ತು. ಬೇರೆ ಯಾವ ವಿಷಯದಲ್ಲೂ ಇಂಥ ಒಮ್ಮತ ನಮ್ಮಲ್ಲಿ ಆದದ್ದಿಲ್ಲ.

ಉಳಿದದ್ದು ಬಬಲೇಶ್ವರ, ಸಾರವಾಡ. ಬಸ್ಸು ತಪ್ಪಿಸಿಕೊಳ್ಳುವುದಕ್ಕಾಗಿ ಬಸ್ಸು ಹತ್ತಬೇಕಾದ ಗತಿ ಜುಲೇಖಾಬಾಯಿಗೆ. ಟಿಕೋಟಾದಿಂದ ಬಂದವರನ್ನು ನಾನು ಬಸ್ ಸ್ಟ್ಯಾಂಡಿನಲ್ಲಿ ಕೂಡಿಕೊಂಡೆ. ಮೆಟ್ಟಿಲು ಹತ್ತುವಾಗ ಅವರು ಮೊದಲು ಬಲಗಾಲು ಇಟ್ಟು, ಎರಡೂ ಕೈಯಿಂದ ಕಂಬಿ ಹಿಡಿದು, ಒಂದು ಗಳಿಗೆ ನಿಂತು, ಆಮೇಲೆ ಎಡಗಾಲು ಎಳೆದುಕೊಂಡರು. ಹಿಂದೆ ನಿಂತವರು ಗೊಣಗಿದರು. ನಾನೂ ಮನಸ್ಸಿನಲ್ಲೇ ಗೊಣಗುತ್ತಿದ್ದೆನೋ ಏನೋ, ಆದರೆ ನನ್ನ ಕೈಯಲ್ಲಿ ಅವರ ಚೀಲವಿತ್ತು.

"ನೀವರೆ ಯಾಕ ಬರ್ತೀರಿ ಬಾಯಾರ, ನಾ ಹೋಗಿ ನೋಡ್ಕೊಂಡ ಬರ್ತಿದ್ದೆ."

"ನೀವು ನೋಡ್ತೀರಿ ಸರ. ಆದ್ರ ನೋಡಿದ್ದ ಏನಂತ ನಿಮಗ ತಿಳಿಬೇಕಲ್ರಿ."

ನಾನು ಕಿಟಕಿಯ ಕಡೆ ತಿರುಗಿದೆ.

ಬಬಲೇಶ್ವರದಲ್ಲಿ ಕಾಸಿಮಸಾಬ ಶಾಖೆಯ ಕಾರ್ಯದರ್ಶಿ. ಬಾಗಿಲಲ್ಲೇ ನಗುತ್ತ ನಿಂತಿದ್ದ. "ಫೋನ್ ಬಂತ್ರಿ ಉಮರಂದು. ನಮ್ಮದೊಂದರ ಚೀಟಿ ಚಲೋ ಐತಿ. ನಾ ಅದರ ಮ್ಯಾಲ ಪ್ಲಾಸ್ಟಿಕ್ ಹಾಳಿ ಅಂಟಿಸಿದ್ದೆ, ಕುಂಕುಮ ಪ್ಲಾಸ್ಟಿಕ್ಕಿಗಿ, ಪುಣ್ಯೇ ಮಶೀನಿಗಿ."

ನಿಜವಾಗಿಯೂ ಅಕ್ಷರಗಳು ಒಂದೊಂದೂ ಸ್ಪಷ್ಟವಾಗಿದ್ದವು. ಜುಲೇಖಾಬಾಯಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. ನೋಡಿ, ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ನೋಡಿದರು.

"ಹೋಮ್ ಅಂತ ಐತಿ" ಎಂದರು.

ಕಾಸಿಮಸಾಬನಿಗೆ ಅದರ ಅರ್ಥವಾಗಲಿಲ್ಲ. ಹೇಳಿದ ಮೇಲೆ ಮುಖ ಇಳಿಯಿತು. "ಇಷ್ಟ ವರ್ಷ ಜ್ವಾಕಿ ಮಾಡಿದ್ದು ಕಡಿಮಿ ಜಾತೀದನ್ರಿ?" ಎಂದು ಆ ಡಬ್ಬಿಯ ಕಡೆ ಮೋಸ ಹೋದವನಂತೆ ನೋಡಿದ. ಚಹಾ ತರಿಸಿದ. ಜುಲೇಖಾಬಾಯಿ ಬಸಿಯಲ್ಲಿ ಚಹಾ ಆರಿಸುತ್ತ, ಯಾರಿಗೂ ಅಲ್ಲದಂತೆ, "ಬಿಜಾಪುರಕ್ಕ ಹಾಕಿದ್ರ ರಾಜೀನಾಮೆ ಕೊಡೂದು ಚಲೋ ಅನಸತೈತಿ. ಆಗೂದಿಲ್ರಿ ಇನ್ನ" ಎಂದರು. ಅವರ ಬಾಯಿಂದ ರಾಜೀನಾಮೆಯ ಮಾತು ನಾನು ಕೇಳಿದ್ದು ಅದೇ ಮೊದಲು. ನಗಿಸುವಂಥದ್ದೇನಾದರೂ ಹೇಳಬೇಕೆನ್ನಿಸಿತು. ಏನೂ ಹೊಳೆಯಲಿಲ್ಲ. ಇಂಥ ಹೊತ್ತಿಗೆ ಎಂದೂ ಹೊಳೆಯುವುದಿಲ್ಲ. ಹೊಳೆದದ್ದೆಲ್ಲ ಪತ್ರಿಕೆಗೆ ಹೋಗುತ್ತದೆ, ಅಲ್ಲಿ ಯಾರೂ ನಗುವುದಿಲ್ಲ.

ಸಾರವಾಡದಲ್ಲಿ ಇಳಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಲ್ಲಿಯ ಶಾಖೆ ಎರಡು ಕೋಣೆಯದು. ಮೇಜಿನ ಮೇಲಿದ್ದ ಕಂಪ್ಯೂಟರಿನ ಹಣೆ ಉಳಿದವುಗಳ ಹಾಗೆಯೇ ಸವೆದಿತ್ತು. ಜುಲೇಖಾಬಾಯಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಕಸ ಹೊಡೆಯುವ ದುಂಡವ್ವ ನೀರು ತಂದುಕೊಟ್ಟಳು.

"ಯಾಕ ಬೇ, ಮಾರಿ ಹಿಂಗ ಯಾಕ ಮಾಡೀದಿ? ಇಲ್ಲಿದ್ದಾಗ ಇಷ್ಟ ಸೊರಗಿದ್ದಿಲ್ಲ ನೀ."

"ಏನಿಲ್ಲ ದುಂಡವ್ವ. ಪೂಜೆ ಮಾಡಲಾರದ ಮಶೀನ ಎಲ್ಲೂ ಸಿಗವಲ್ದು."

ದುಂಡವ್ವ ನಕ್ಕಳು. "ಐತಲ್ಲ. ಆ ಶನಿ. ನೀ ಇದ್ದಾಗ ಬಂದಿತ್ತ ನೋಡು, ತಂದ ದಿನದಿಂದ ದಿನಕ್ಕ ಮೂರ ಸಲ ಬಂದ್ ಬೀಳ್ತಿತ್ತು. ಅದಕ ಯಾವಾಕಿ ಕುಂಕುಮಾ ಹಚ್ಚತಾಳ? ನಾ ಅದರ ಕಡಿ ಊದಿನಕಡ್ಡಿ ಸೈತ ತಿರುವಿಲ್ಲ."

"ಎಲ್ಲೈತಿ ಅದು?"

"ಒಳಗೈತಿ. ಕೊಡದ ಬುಡಕ."

ಒಳಗಿನ ಕೋಣೆಯಲ್ಲಿ ಕುಡಿಯುವ ನೀರಿನ ಕೊಡ ಒಂದು ಕಪ್ಪು ಡಬ್ಬಿಯ ಮೇಲೆ ಕೂತಿತ್ತು. ಬಗಲು ಗೋಡೆಗೆ ಒತ್ತಿತ್ತು. ಜುಲೇಖಾಬಾಯಿ ಮೊಣಕಾಲು ಮರೆತು ನೆಲಕ್ಕೆ ಕೂತರು. ನಾನು ಕೊಡ ಇಳಿಸಿ, ಅರ್ಧ ನೀರನ್ನು ನನ್ನ ಪ್ಯಾಂಟಿನ ಮೇಲೆ ಸುರಿದುಕೊಂಡು, ಡಬ್ಬಿಯನ್ನು ತಿರುಗಿಸಿದೆ. ಚೀಟಿ ಮೊನ್ನೆ ಅಂಟಿಸಿದಂತಿತ್ತು. ಏಳು. ಪ್ರೊಫೆಶನಲ್. ಇಪ್ಪತ್ತೈದೂ ಇದ್ದವು.

ಅದು ಬಹಳ ಮುಖ್ಯವಾದದ್ದೆಂದು ದುಂಡವ್ವನಿಗೆ ನಮ್ಮ ಮುಖ ನೋಡಿಯೇ ತಿಳಿಯಿತು. "ಅಯ್ಯ, ಇಷ್ಟ ದೊಡ್ಡದೇನು ಇದು? ತಡಿ ಬೇ, ಒಂದೀಟು ವರಸಿ ಕುಂಕುಮಾ ಹಚ್ಚತೇನಿ" ಎಂದು ಹಸಿ ಅರಿವೆ ಹಿಡಿದು ಬಗ್ಗಿದಳು. ಜುಲೇಖಾಬಾಯಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಫೋನಿನಲ್ಲಿ ಚಿತ್ರ ತೆಗೆಯುವವರೆಗೂ ಬಿಡಲಿಲ್ಲ.

ಮರುದಿನ ಉಮರ ಟಿಕೋಟಾಕ್ಕೆ ಬಂದು ಸಿ.ಡಿ. ಹಾಕಿದ. ಕೀಲಿ ಹೊಡೆದರೆ ಇಂಟರ್ನೆಟ್ಟಿನಲ್ಲಿ ಒಪ್ಪಲಿಲ್ಲ. ಇದು ಬೇರೆ ಯಂತ್ರದ್ದೆಂದಿತು. ಅದು ಗೊತ್ತಿದ್ದದ್ದೇ. ಕಂಪನಿಗೆ ಫೋನ್ ಹಚ್ಚಿದೆವು. ಮೊದಲು ಯಂತ್ರ ಮಾತಾಡಿ ಅಂಕಿ ಕೇಳಿತು, ಆಮೇಲೆ ಒಬ್ಬ ಹುಡುಗಿ ಬಂದಳು. ನಾನು ಇಂಗ್ಲಿಷಿನಲ್ಲಿ ಶುರುಮಾಡಿ, ಇಳಿಸುವ ಹಕ್ಕು ಎಂಬುದಕ್ಕೆ ಪದ ಸಿಗದೆ, ಎರಡು ಸಲ "ಆಕ್ಚುವಲಿ" ಎಂದೆ. ಜುಲೇಖಾಬಾಯಿ ಫೋನ್ ಕಸಿದುಕೊಂಡು ತಮ್ಮ ಮನೆಮಾತಿನ ಹಿಂದಿಯಲ್ಲಿ ಎಲ್ಲ ಹೇಳಿದರು. ಹೊಸದರಲ್ಲಿ ಹತ್ತು ಪ್ರೊಫೆಶನಲ್ ಇದೆ, ಏಳು ಬೇಕಾಗಿದೆ, ಕೀಲಿ ಹಳೆಯ ಯಂತ್ರದ್ದು.

ಹಳೆಯ ಯಂತ್ರ ಈಗೆಲ್ಲಿದೆ, ಬಳಕೆಯಲ್ಲಿದೆಯೇ ಎಂದು ಆ ಕಡೆಯವಳು ಕೇಳಿದಳು.

"ಪಾನೀ ಕೆ ಘಡೆ ಕೆ ನೀಚೆ ಹೈ, ಬೇಟಾ" ಎಂದರು ಬಾಯಿ. ನೀರಿನ ಕೊಡದ ಕೆಳಗಿದೆ ಮಗಳೇ.

ಉಮರ ಹಣೆಗೆ ಕೈ ಹಚ್ಚಿಕೊಂಡ. ಇಂಥ ಉತ್ತರಕ್ಕೆ ಕಂಪನಿಯವರ ಬಳಿ ಬರೆದಿಟ್ಟ ಪ್ರಶ್ನೆಯಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಅವಳು, ಹಾಗಾದರೆ ಚಾಲೂ ಇಲ್ಲವಲ್ಲ ಎಂದು ಕೇಳಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಂಕಿಗಳನ್ನು ಹೇಳತೊಡಗಿದಳು. ಬಾಯಿ ಹೇಳಿದಂತೆ ಉಮರ ಒತ್ತಿದ. ಒಪ್ಪಿತು. ರೇವಪ್ಪ ಖಾಲಿ ಬಾಕ್ಸೊಂದನ್ನು ಕಾಟಾದ ಮೇಲಿಟ್ಟ. ಪ್ರಿಂಟರು ಕರಕರ ಎಂದು ರಸೀದಿ ಹೊರಹಾಕಿತು. ಜುಲೇಖಾಬಾಯಿ ಅದನ್ನು ಹರಿದು, ಮಡಚಿ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಕೂತರು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ಕೆಲಸ ಚೆನ್ನಾಗಿ ಮಾಡಿದವರನ್ನು ಸುಮ್ಮನೆ ಕೂರಲು ಬಿಡುವ ಅಭ್ಯಾಸ ಸಹಕಾರಿ ಕ್ಷೇತ್ರದಲ್ಲಿಲ್ಲ. ವಾರ ಕಳೆಯುವಷ್ಟರಲ್ಲಿ ಅಧ್ಯಕ್ಷರು ಟಿಕೋಟಾಕ್ಕೆ ಬಂದು, ರಸೀದಿ ನೋಡಿ ಸಂತೋಷಪಟ್ಟರು. ನಾನೂ ಅವರ ಜೀಪಿನಲ್ಲಿ ಬಂದಿದ್ದೆ.

"ಉಳದ ಶಾಖೆಗೋಳಿಗೂ ಹೊಸಾವು ತರಸಾಕತ್ತೇವಿ ಬಾಯಾರ. ಎಲ್ಲಾ ಪ್ರೊಫೆಶನಲ್. ಇಳಸೂ ಕೆಲಸಾ ನಿಮಗ ಬಂತಲ್ಲ. ಎರಡ ದಿನಾ ಬಬಲೇಶ್ವರ, ಎರಡ ದಿನಾ ಸಾರವಾಡ, ಹಿಂಗ ಮಾಡ್ರಿ. ಹೊಸಾ ಮಶೀನು, ಮತ್ತ ಮತ್ತ ಏನರ ಆಗತಿರತೈತಿ. ಸೀಜನ್ ಮುಗಿಯೂತನಾ ನೀವ ನೋಡ್ಕೋರಿ."

ಜುಲೇಖಾಬಾಯಿ ನನ್ನ ಕಡೆ ನೋಡಿದರು. ನಾನು ಅಧ್ಯಕ್ಷರ ಕಡೆ ನೋಡಿದೆ. ಅಧ್ಯಕ್ಷರು ರಸೀದಿಯ ಕಡೆ ನೋಡುತ್ತಿದ್ದರು.

"ಆಗ್ಲಿರಿ ಯಜಮಾನ್ರ, ಮಾಡತೇನಿ" ಎಂದರು ಬಾಯಿ, ನಿಧಾನವಾಗಿ. "ಒಂದ ಮಾತು. ಕೀಲಿ ಅದ ನಡಿತೈತಿ, ಇಳಸಾಕ ಮಶೀನು ಮುಂದಿರಬೇಕು, ಫೋನ್ ಇರಬೇಕು. ನಾ ಎಲ್ಲಿ ಕುಂತಿರತೇನಿ ಅಂತ ಕಂಪನಿ ಕೇಳೂದಿಲ್ಲ. ಮಶೀನಿಗಿ ಮೊಣಕಾಲ ನೋವೂ ಇಲ್ಲ. ಅವನ್ನ ಇತ್ತ ಕಳಸ್ರಿ. ಇಲ್ಲೇ ಇಳಿಸಿ, ಕಾಟಾಕ್ಕ ಹಚ್ಚಿ ನೋಡಿ, ತಿರುಗಿ ಕಳಸತೇನಿ. ಏನರ ಆದ್ರ ಮತ್ತ ತಗೊಂಡ ಬರ್ಲಿ."

"ಯಾರ ತರಬೇಕ್ರಿ ಹೊತ್ಕೊಂಡು?"

"ಲೆಕ್ಕದ ಸಾಹೇಬ್ರದಾರಲ್ರಿ. ಕರಾರು ಓದಿದವ್ರೂ ಅವ್ರ."

ಅಧ್ಯಕ್ಷರಿಗೆ ಇದು ಬಹಳ ಸರಿ ಕಂಡಿತು. ಲೆಕ್ಕಿಗ ಕಚೇರಿಯಲ್ಲಿ ಇಲ್ಲದಿದ್ದರೆ ನಡೆಯುತ್ತದೆಯೇ ಎಂದು ಯಾರಾದರೂ ಕೇಳಬಹುದೆಂದು ನಾನು ಸ್ವಲ್ಪ ಹೊತ್ತು ಕಾದೆ. ಯಾರೂ ಕೇಳಲಿಲ್ಲ.

ಹಾಗಾಗಿ ಆ ಸೀಜನ್ನೆಲ್ಲ ನಾನು ಬಸ್ಸಿನಲ್ಲಿದ್ದೆ. ಬಬಲೇಶ್ವರದ ಕಂಪ್ಯೂಟರನ್ನು ಮೊದಲ ಸಲ ಒಯ್ದಾಗ ಕಂಡಕ್ಟರ್ ಆ ಡಬ್ಬಿಯನ್ನು ಬೆರಳಿನಿಂದ ಬಡಿದು ನೋಡಿ, "ಲಗೇಜ್ ಆಗೂದಿಲ್ರಿ ಇದು, ಮ್ಯಾಲ ಇಟ್ರ ಒಡದ ಹೋಗತೈತಿ. ಸೀಟ ಹಿಡಿತೈತಿ, ಸೀಟಿಂದ ಟಿಕೀಟ ತಗಸ್ರಿ" ಎಂದ. ತೆಗೆಸಿದೆ. ಅಷ್ಟರಲ್ಲಿ ಉಳಿದ ಸೀಟುಗಳೆಲ್ಲ ತುಂಬಿದ್ದವು. ಟಿಕೋಟಾದವರೆಗೆ ಕಂಪ್ಯೂಟರ್ ಕಿಟಕಿಯ ಪಕ್ಕ ಕೂತು ಬಂತು. ನಾನು ಕಂಬಿ ಹಿಡಿದು, ಅದು ಬೀಳದಂತೆ ಇನ್ನೊಂದು ಕೈಯಿಂದ ಒತ್ತಿಕೊಂಡು, ನಿಂತು ಬಂದೆ.

ಇಳಿಯುವಾಗ ನನ್ನ ಮೊಣಕಾಲು ಕಟ್ ಎಂದಿತು. ಜುಲೇಖಾಬಾಯಿ ಕುರ್ಚಿ ಬಿಟ್ಟು ಏಳಲಿಲ್ಲ. "ಅಲ್ಲೇ ಮೇಜಿನ ಮ್ಯಾಲ ಇಡ್ರಿ ಸರ" ಎಂದರು. "ದಣದೀರಿ. ರೇವಪ್ಪಾ, ಸಾಹೇಬ್ರಿಗಿ ನೀರು ಕೊಡು."